ಹುಲಿಗೆವ್ವನ ಹಿಮ್ಮಡಿ

ಸೂಡಿಹಾಳದ ಯಮನೂರಪ್ಪನ ಮೀಸೆಯನ್ನು ನೋಡದವರು ಮೀಸೆಯನ್ನೇ ನೋಡಿಲ್ಲ. ಎಡ ತುದಿಗೊಂದು ಗುಬ್ಬಿ, ಬಲ ತುದಿಗೊಂದು ಗುಬ್ಬಿ ಕೂತರೂ ಅದು ಬಾಗುತ್ತಿರಲಿಲ್ಲ. ಕೂತದ್ದನ್ನು ಕಣ್ಣಾರೆ ಕಂಡವರು ಊರಲ್ಲಿ ಈಗಲೂ ನಾಲ್ಕು ಮಂದಿ ಇದ್ದಾರೆ, ನಾಲ್ವರೂ ಅವನ ಭಾವಮೈದುನರು. ಆ ಮೀಸೆಯ ಹಿಂದಿನ ಮನುಷ್ಯ ಹದಿನಾಲ್ಕು ವರ್ಷಗಳಿಂದ ಕರೆಗುಡ್ಡ ಕಾಯುವ ಸಮಿತಿಯ ಅಧ್ಯಕ್ಷ. ಅವನು ಊರ ಕಟ್ಟೆಯ ಮೇಲೆ ಕೂತು ಒಮ್ಮೆ ಕೆಮ್ಮಿದರೆ ಗುಡ್ಡದ ಆಚೆ ಮಗ್ಗುಲಿನ ಕಳ್ಳರು ಕೊಡಲಿ ಬಿಸಾಕಿ ಮೂರು ಊರು ದಾಟಿ ಓಡುತ್ತಿದ್ದರು. ಚಿರತೆ ಅವನಿಗೆ ದಾರಿ ಬಿಟ್ಟು ನಿಂತದ್ದುಂಟು. ಅದಕ್ಕೆ ಬಾಯಿದ್ದಿದ್ದರೆ "ಅಧ್ಯಕ್ಷರ, ಮುಂದ ನಡೀರಿ" ಅನ್ನುತ್ತಿತ್ತು ಎಂಬುದು ಅವನ ಖಚಿತ ಅಭಿಪ್ರಾಯ.

ಕಾಡು ಉಳಿಸುವ ಯೋಜನೆ ಶುರುವಾದ ವರ್ಷ ಸಮಿತಿಯ ಹನ್ನೆರಡು ಗಂಡಸರಿಗೂ ಮೊಣಕಾಲುದ್ದದ ಕರಿ ಬೂಟು ಕೊಟ್ಟಿದ್ದರು. ಉಳಿದವರ ಬೂಟುಗಳು ಮದುವೆ, ಸಂತೆ ಎಂದು ತಿರುಗಿ ತಿರುಗಿ ಸವೆದುಹೋದವು. ಯಮನೂರಪ್ಪನ ಬೂಟಿನಲ್ಲಿ ಮಾತ್ರ ಇಂದಿಗೂ ಮುಖ ನೋಡಿಕೊಂಡು ಮೀಸೆ ತಿದ್ದಬಹುದಿತ್ತು. ಹದಿನಾಲ್ಕು ವರ್ಷ ಗಸ್ತು ತಿರುಗಿದ ಬೂಟು ಅಷ್ಟು ಹೊಸದಾಗಿ ಹೇಗೆ ಉಳಿಯಿತೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಈ ಕಥೆ ಯಾವತ್ತೋ ಮುಗಿಯುತ್ತಿತ್ತು.

ಕರೆಗುಡ್ಡ ಮಾತ್ರ ಸುಳ್ಳಲ್ಲ. ಸುತ್ತ ಮೂವತ್ತು ಮೈಲಿಯ ಬೋಳುಗುಡ್ಡಗಳ ಮೇಲೆ ನೆಟ್ಟ ಲಕ್ಷಾಂತರ ಸಸಿಗಳು ಒಂದೇ ಬೇಸಿಗೆಗೆ ಕಡ್ಡಿಯಾಗುತ್ತಿದ್ದಾಗ, ಯಾರೂ ಒಂದು ಬೀಜ ಊರದ ಕರೆಗುಡ್ಡದಲ್ಲಿ ದಿಂಡಲು, ಕಮರ, ನೆಲ್ಲಿ, ಮುತ್ತುಗ ಒಂದರ ಭುಜಕ್ಕೊಂದು ತಾಗಿ ಎದ್ದು ನಿಂತವು. ಮಳೆ ಎರಡು ವರ್ಷ ಮುಖ ತೋರಿಸದಿದ್ದರೂ ಮರಿಗಿಡ ಸಾಯಲಿಲ್ಲ. ಯಾಕೆಂದು ಕೇಳಲು ಬಂದ ಅಧಿಕಾರಿಗಳಿಗೆಲ್ಲ ಯಮನೂರಪ್ಪ ಬೂಟುಗಾಲನ್ನು ಒಮ್ಮೆ ನೆಲಕ್ಕೆ ಬಡಿದು ತೋರಿಸುತ್ತಿದ್ದ. ಅದೇ ಅವನ ಉತ್ತರ. ಅವರು ಅದನ್ನು ಬರೆದುಕೊಂಡು ಹೋಗುತ್ತಿದ್ದರು.

ನಿಜವಾದ ಉತ್ತರ ಕಂಡುಹಿಡಿದವಳು ಮೆಹರುನ್ನಿಸಾ ನದಾಫ್ ಎಂಬ ಮಣ್ಣಿನ ವಿಜ್ಞಾನಿ. ಆಕೆ ಒಂದು ಚಿಟಿಕೆ ಮಣ್ಣನ್ನು ಬೆರಳ ಮೇಲಿಟ್ಟುಕೊಂಡು ನೋಡಿದರೆ ಆ ಹೊಲದಲ್ಲಿ ಅಜ್ಜನ ಕಾಲಕ್ಕೆ ಏನು ಬಿತ್ತಿದ್ದರೆಂದು ಹೇಳುತ್ತಿದ್ದಳು. ಆಕೆ ಕಂಡದ್ದು ಇಷ್ಟು: ಮರದ ಬೇರಿಗೆ ಒಂದು ಬಗೆಯ ಬೂಷ್ಟು ಅಂಟಿಕೊಂಡು ಬದುಕುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ನೂಲು. ಆ ನೂಲು ದೂರದ ಪಸೆಯನ್ನು ಎಳೆದು ತಂದು ಬೇರಿಗೆ ಕುಡಿಸುತ್ತದೆ. ನೂಲು ಹತ್ತಿದ ಸಸಿ ಬೇಸಿಗೆ ದಾಟುತ್ತದೆ, ಹತ್ತದ ಸಸಿ ಒಣಗುತ್ತದೆ. ಆದರೆ ಬೂಷ್ಟಿಗೆ ಕಾಲಿಲ್ಲ. ದೊಡ್ಡ ಮರದ ಬುಡದಿಂದ ಮರಿಗಿಡದ ಬುಡಕ್ಕೆ ಅದನ್ನು ಯಾರಾದರೂ ಹೊತ್ತೊಯ್ಯಬೇಕು. ಕರೆಗುಡ್ಡದಲ್ಲಿ ಹೊತ್ತೊಯ್ದದ್ದು ಮನುಷ್ಯರ ಹಿಮ್ಮಡಿ. ವರ್ಷಗಟ್ಟಲೆ ಬರಿಗಾಲಲ್ಲಿ ಅದೇ ದಾರಿ ತುಳಿದವರ ಹಿಮ್ಮಡಿಯ ಬಿರುಕಿನೊಳಗೆ ಬೂಷ್ಟು ಮನೆ ಮಾಡಿ, ಅಲ್ಲಿನ ಬೆವರಿನ ಜೀವಾಣುಗಳ ಜೊತೆ ಸಂಸಾರ ಹೂಡಿ, ಹೆಜ್ಜೆಹೆಜ್ಜೆಗೂ ಒಂದಿಷ್ಟು ಉದುರುತ್ತ ಹೋಗಿತ್ತು. ಒಬ್ಬರ ಬಿರುಕಿನ ಸಂಸಾರ ಇನ್ನೊಬ್ಬರದನ್ನು ಹೋಲುವುದಿಲ್ಲ, ಮಣ್ಣು ಹೊಕ್ಕರೂ ತನ್ನ ಗುರುತು ಬಿಡುವುದಿಲ್ಲ. ಮೆಹರುನ್ನಿಸಾ ಕಟ್ಟಿದ ಯಂತ್ರ ಮೊದಲು ಮಣ್ಣನ್ನು ಮೂಸಿ, ಆಮೇಲೆ ಕಾಲನ್ನು ಮೂಸಿ, ಈ ಮಣ್ಣು ಈ ಕಾಲಿನದು ಎಂದು ಹೇಳುತ್ತಿತ್ತು. ಅದಕ್ಕೆ ಒಂದು ಉಸಿರಿಗೆ ಹೇಳಲಾಗದಷ್ಟು ಉದ್ದದ ಹೆಸರಿತ್ತು. ಊರು ಅದನ್ನು ಮೂಸೂಪೆಟ್ಟಿಗೆ ಎಂದು ಕರೆದು ಕೈತೊಳೆದುಕೊಂಡಿತು.

ಕಾಡು ಉಳಿಸಿದವರಿಗೆ ಕೊಡುವ ದುಡ್ಡು ಅಲ್ಲಿಯವರೆಗೆ ಮನೆಯ ಯಜಮಾನನ ಹೆಸರಿಗೆ ಬರುತ್ತಿತ್ತು. ಸುಳ್ಳು ಯಾದಿಗಳ ಕಾಟ ತಾಳಲಾರದೆ ಸರಕಾರದವರು ಹೊಸ ನಿಯಮ ಮಾಡಿದರು. ಗುಡ್ಡವನ್ನು ಹನ್ನೆರಡು ಪಾಲು ಮಾಡುವುದು. ಯಾವ ಪಾಲಿನ ಮಣ್ಣು ಯಾರ ಕಾಲನ್ನು ಗುರುತಿಸುತ್ತದೋ ಅವರ ಹೆಸರಿಗೆ ಆ ಪಾಲು. ಜೀವ ಇರುವವರೆಗೆ ಕಾಡುಸಂಬಳ, ಜೊತೆಗೆ ಅಲ್ಲಿನ ಹಣ್ಣು, ಎಲೆ, ಒಣಕಟ್ಟಿಗೆಯ ಮೇಲೆ ಹಕ್ಕು, ಯಾವ ಸಮಿತಿಯೂ ತಡೆಯುವಂತಿಲ್ಲ. ಮನುಷ್ಯರ ಬಾಯಿಮಾತು ನಡೆಯುವುದಿಲ್ಲ, ಪೆಟ್ಟಿಗೆ ಹೇಳಿದ್ದೇ ಕಡೆಯ ಮಾತು.

ಎಲ್ಲಕ್ಕಿಂತ ದಟ್ಟವಾದದ್ದು, ಎಲ್ಲಕ್ಕಿಂತ ಎತ್ತರದಲ್ಲಿದ್ದದ್ದು ನೆತ್ತಿಪಾಲು. ಅದು ತನ್ನದೇ ಎಂದು ಯಮನೂರಪ್ಪ ಮೂರು ಮದುವೆ, ಎರಡು ತಿಥಿ, ಒಂದು ಪಂಚಾಯಿತಿ ಸಭೆಯಲ್ಲಿ ಸಾರಿಯಾಗಿತ್ತು.

*

ಲ್ಯಾಬಿನ ಲಾರಿ ಬಂದು ಶಾಲೆಯ ಬಯಲಿನಲ್ಲಿ ನಿಂತಾಗ ಆನೆ ಬಂದಿದ್ದರೂ ಅಷ್ಟು ಜನ ಸೇರುತ್ತಿರಲಿಲ್ಲ. ಅಂದಿನದು ಬರೀ ತಾಲೀಮು, ಯಂತ್ರಕ್ಕೆ ಊರಿನ ಮಣ್ಣು ಪರಿಚಯವಾಗಲೆಂದು. ಯಮನೂರಪ್ಪ ಎಲ್ಲರನ್ನೂ ಸರಿಸಿ ಮುಂದೆ ಬಂದ. ಬೂಟು ಕೀಳಲು ಇಬ್ಬರು ಬೇಕಾದರು. ಒಳಗಿಂದ ಹೊರಬಂದ ಪಾದ ಹಸುಗೂಸಿನ ಕೆನ್ನೆಯಂತಿತ್ತು. ಅದನ್ನು ಅವನು ಗಾಜಿನ ತಟ್ಟೆಯ ಮೇಲೆ, ಕಿರೀಟ ಇಟ್ಟಷ್ಟು ಗಂಭೀರವಾಗಿ ಇಟ್ಟ.

ಪೆಟ್ಟಿಗೆ ಗುಂಯ್ಗುಟ್ಟಿತು. ಪರದೆಯ ಮೇಲೆ ಕರೆಗುಡ್ಡದ ನಕ್ಷೆ ಮೂಡಿತು, ಬುಡದಿಂದ ನೆತ್ತಿಯವರೆಗೆ ಕಪ್ಪು. ಬಹಳ ಹೊತ್ತಿನ ಮೇಲೆ ತೀರ ಕೆಳಗೆ, ಗುಡ್ಡ ಇನ್ನೂ ಗುಡ್ಡವಾಗದ ಕಡೆ, ಒಂದು ಚುಕ್ಕೆ ಹೊಳೆಯಿತು.

"ಸಿಕ್ಕತಲ್ರಿ ಅಕ್ಕಾರ," ಅಂದ ಯಮನೂರಪ್ಪ. "ಎಲ್ಲೈತಿ ಅದು, ಹೇಳಿಬಿಡ್ರಿ ಎಲ್ಲಾರಿಗೂ."

ಮೆಹರುನ್ನಿಸಾ ನಕ್ಷೆಯನ್ನು ಎರಡು ಸಲ ನೋಡಿದಳು. "ಶಾಲಿ ಹಿಂದ ಜಾಲಿಗಿಡ ಅದಾವಲ್ರಿ, ಅಲ್ಲಿ. ಅದರ ಮ್ಯಾಲಕ ನಿಮ್ಮ ಕಾಲು ಗೊತ್ತಿಲ್ಲ ಅಂತೈತಿ."

ಜಾಲಿಗಿಡದ ಮರೆಗೆ ಊರಿನ ಗಂಡಸರು ಬೆಳಗ್ಗೆ ತಂಬಿಗೆ ಹಿಡಿದು, ಚಪ್ಪಲಿ ಕಳಚಿಟ್ಟು ಯಾಕೆ ಹೋಗುತ್ತಾರೆಂಬುದು ಸೂಡಿಹಾಳದ ಕೋಳಿಗಳಿಗೂ ಗೊತ್ತು. ಹಿಂದಿನಿಂದ ಒಬ್ಬ ಮುದುಕ, "ಏನ ಅನ್ರಿ, ಅಧ್ಯಕ್ಷರು ಮುಂಜಾನಿ ಗಸ್ತು ಒಂದಿನಾನೂ ತಪ್ಪಿಸಿಲ್ಲ," ಅಂದ. ಆ ನಗೆಗೆ ಶಾಲೆಯ ಹಂಚು ಎರಡು ಜಾರಿ ಬಿದ್ದವು.

ಯಮನೂರಪ್ಪ ಬೂಟಿನ ಮೇಲೆ ತಪ್ಪು ಹೊರಿಸಿದ. ಬೂಟು ಹಾಕಿಕೊಂಡು ಹೋದವರನ್ನು ಮಣ್ಣು ಕಾಣುವುದಿಲ್ಲ ಎಂದು ಮೆಹರುನ್ನಿಸಾ ಒಪ್ಪಿಕೊಂಡಳು. ಹೋಗಿರಬಹುದು, ಹೋಗದೆಯೂ ಇರಬಹುದು ಎಂದು ಅಷ್ಟೇ ಮರ್ಯಾದೆಯಿಂದ ಸೇರಿಸಿದಳು. ಆಮೇಲೆ ನೆತ್ತಿಪಾಲನ್ನು ದೊಡ್ಡದು ಮಾಡಿ ತೋರಿಸಿದಳು. ಅಲ್ಲಿನ ಮಣ್ಣಿನಲ್ಲಿ ಒಂದೇ ಕಾಲಿನ ಗುರುತು, ಪದರದ ಮೇಲೆ ಪದರ, ಒಂದು ಗಿಡದ ಬುಡವನ್ನೂ ಬಿಡದೆ. ಆಳದ ಪದರ ಇಪ್ಪತ್ತಾರು ವರ್ಷ ಹಳೆಯದು. ಸಮಿತಿಯ ಉಳಿದ ಹನ್ನೊಂದು ಗಂಡಸರ ಕಾಲನ್ನೂ ತಟ್ಟೆಯ ಮೇಲೆ ಇಡಿಸಿ ನೋಡಿದಳು, ಹನ್ನೆರಡು ಮಂದಿಯಲ್ಲಿ ಯಾರದೂ ಅಲ್ಲ. ಈ ಊರಲ್ಲಿ ಗುಡ್ಡಕ್ಕೆ ಬರಿಗಾಲಲ್ಲಿ ಹೋಗುವವರು ಯಾರು ಎಂದು ಕೇಳಿದಳು.

ಸೂಡಿಹಾಳದಲ್ಲಿ ಗಂಡಸರು ಕೂತ ಕಟ್ಟೆಯ ಮುಂದೆ ಹೆಂಗಸರು ಚಪ್ಪಲಿ ಮೆಟ್ಟಿ ಹಾಯುವಂತಿಲ್ಲ. ಗುಡ್ಡದ ದಾರಿ ಇರುವುದೇ ಕಟ್ಟೆಯ ಮುಂದೆ. ಹೋಗುವಾಗ ಕೈಯಲ್ಲಿ ಹಿಡಿದು ಹೋಗಬಹುದು, ಬರುವಾಗ ತಲೆಯ ಮೇಲೆ ಹೊರೆ, ಹೊರೆಗೆ ಎರಡೂ ಕೈ. ಹಾಗಾಗಿ ಅವರ ಅಜ್ಜಿಯರ ಕಾಲದಿಂದ ಚಪ್ಪಲಿ ಮನೆಯಲ್ಲೇ ಉಳಿದಿತ್ತು. ಸಮಿತಿಯ ಕಾರ್ಯದರ್ಶಿ ಕೊಟ್ರಗೌಡ ಗಂಟಲು ಸರಿಮಾಡಿಕೊಂಡು, ಹೆಂಗಸರು ಹೋಗುತ್ತಾರೆ, ಆದರೆ ಅವರು ಕಟ್ಟಿಗೆ ಕಳ್ಳರು, ನಮ್ಮ ಪುಸ್ತಕದಲ್ಲಿ ಹಾಗೇ ಬರೆದಿದೆ ಎಂದ. ಎಂಟು ದಿನಕ್ಕೆ ಕಡೆಯ ಪರೀಕ್ಷೆ, ಕಳ್ಳರನ್ನೂ ಕರೆತನ್ನಿ ಎಂದಳು ಮೆಹರುನ್ನಿಸಾ.

ಯಮನೂರಪ್ಪ ಬೇರೆಯದೇ ಲೆಕ್ಕದಲ್ಲಿದ್ದ. ಇಪ್ಪತ್ತಾರು ವರ್ಷ. ಅವನಿಗೆ ಮದುವೆಯಾಗಿ ಇಪ್ಪತ್ತಾರು ವರ್ಷ. ಮದುವೆಯಾದ ಐದನೆಯ ದಿನ ಅವನ ತಾಯಿ ಸೊಸೆಯ ಕೈಗೆ ಕುಡಗೋಲು, ಹಗ್ಗ ಕೊಟ್ಟು ಗುಡ್ಡದ ನೆತ್ತಿಗೆ ಕೈ ತೋರಿಸಿದ್ದಳು. ಕೆಳಗಿನದೆಲ್ಲ ಬೇರೆ ಮನೆಯವರ ಪಾಲಾಗಿತ್ತು.

ಆ ಕುಡಗೋಲು ಈಗ ಸಮಿತಿಯ ಆಫೀಸಿನ ಗೋಡೆಯ ಮೇಲಿತ್ತು. ಮೂರು ವರ್ಷದ ಹಿಂದೆ ಜಿಲ್ಲೆಯಿಂದ ಅತಿಥಿಗಳು ಬಂದು ಕಟ್ಟೆಯ ಮೇಲೆ ಸಭೆ ನಡೆಯುತ್ತಿದ್ದಾಗ ಅವನ ಹೆಂಡತಿ ಹುಲಿಗೆವ್ವ ಹೊರೆ ಹೊತ್ತು ಎದುರಿಗೆ ಹಾದಿದ್ದಳು. ಅಧ್ಯಕ್ಷನ ಹೆಂಡತಿಯಾದರೂ ಕಾನೂನು ಒಂದೇ ಎಂದು ಅವನು ಅವಳನ್ನು ಅಲ್ಲೇ ನಿಲ್ಲಿಸಿ, ಹೊರೆ ಇಳಿಸಲೂ ಬಿಡದೆ, ಮುಕ್ಕಾಲು ಗಂಟೆ ಭಾಷಣ ಮಾಡಿ, ಕುಡಗೋಲು ಕಸಿದುಕೊಂಡ. ಚಪ್ಪಾಳೆ ಬಿತ್ತು. ಹೊರೆಯನ್ನು ಮಾತ್ರ ಬಿಟ್ಟ, ಅತಿಥಿಗಳಿಗೆ ಅಡುಗೆಯಾಗಬೇಕಿತ್ತು.

ಅವತ್ತು ಅವಳು ಎಲ್ಲಿ ನೋಡುತ್ತಿದ್ದಳೆಂದು ನೆನಪಿಸಿಕೊಳ್ಳಲು ಹೋದ. ನೆನಪಾಗಲಿಲ್ಲ. ಅವನು ಅತಿಥಿಗಳ ಕಡೆ ನೋಡುತ್ತಿದ್ದ.

ಲಾರಿಯ ಬಳಿ ಜನ ಕರಗಿದ ಮೇಲೆ ಅವನು ಏನೂ ಅರಿಯದವನಂತೆ ಮೆಹರುನ್ನಿಸಾಳನ್ನು ಒಂದು ಮಾತು ಕೇಳಿದ. ಒಬ್ಬರ ಕಾಲಿನ ಈ ಹುಳಹುಪ್ಪಡಿ ಇನ್ನೊಬ್ಬರ ಕಾಲಿಗೆ ಹೋಗಿ ಬದುಕುತ್ತದೆಯೇ? ಆಕೆಗೆ ಪಾಠ ಹೇಳುವುದೆಂದರೆ ಪ್ರಾಣ. ಹೋಗುತ್ತದೆ, ಒಬ್ಬರ ಕಾಲು ನೆನೆದ ನೀರಿನಲ್ಲಿ ಇನ್ನೊಬ್ಬರ ಹಸಿ ಬಿರುಕು ನೆನೆದರೆ ಅಲ್ಲಿ ಹತ್ತು ದಿನವಾದರೂ ಬದುಕುತ್ತದೆ ಎಂದು ಚಿತ್ರ ಬರೆದು ತೋರಿಸಿದಳು. ಯಮನೂರಪ್ಪ ಒಂದನೆಯ ಇಯತ್ತೆಯ ಹುಡುಗನಂತೆ ಕೈಕಟ್ಟಿ ಕೇಳಿದ.

*

ಉಪಾಯವನ್ನು ಒಬ್ಬನೇ ಇಟ್ಟುಕೊಳ್ಳಲು ಅವನ ಹೊಟ್ಟೆ ಸಣ್ಣದು. ಕೊಟ್ರಗೌಡನಿಗೆ ಹೇಳಿದ. ಸಂಜೆಯೊಳಗೆ ಹನ್ನೆರಡು ಗಂಡಸರೂ ಹನ್ನೆರಡು ಬೋಗುಣಿ ಹುಡುಕುತ್ತಿದ್ದರು. ಆದರೆ ಸೂಡಿಹಾಳದ ಹೆಂಗಸರೇನು ಎಳೆಮಕ್ಕಳೇ. ಒಬ್ಬಳು ಆ ಬಿಸಿನೀರನ್ನು ಗಂಡನ ತಲೆಯ ಮೇಲೇ ಸುರಿದಳು. ಒಬ್ಬಳು, ಇಷ್ಟು ವರ್ಷ ನೆನಪಾಗದ ಕಾಲು ಪೆಟ್ಟಿಗೆ ಬಂದ ದಿನವೇ ನೆನಪಾಯಿತೇ ಎಂದು ಕೇಳಿ ಮೂರು ಓಣಿ ಅಟ್ಟಿಸಿಕೊಂಡು ಹೋದಳು. ಕೊಟ್ರಗೌಡನ ಹೆಂಡತಿ ಕಾಲೇನೋ ಕೊಟ್ಟಳು, ಮುಖಕ್ಕೆ ಕೊಟ್ಟಳು. ಎರಡನೆಯ ದಿನಕ್ಕೆ ಹನ್ನೊಂದು ಬೋಗುಣಿ ವಾಪಸು ಅಡುಗೆಮನೆ ಸೇರಿದವು.

ಯಮನೂರಪ್ಪ ಹಿಡಿದದ್ದನ್ನು ಬಿಡುವವನಲ್ಲ. ದನ ಮನೆಗೆ ತಿರುಗುವ ಹೊತ್ತಿಗೆ ಹುಲಿಗೆವ್ವ ಬಂದು ಹೊರೆ ಇಳಿಸಿ, ಸಿಂಬಿ ಬಿಚ್ಚಿ ನಿಂತಾಗ ಅವನು ಪಡಸಾಲೆಯಲ್ಲಿ ಬಿಸಿನೀರಿನ ಬೋಗುಣಿ ಇಟ್ಟುಕೊಂಡು ಕುಕ್ಕರುಗಾಲಲ್ಲಿ ಕೂತಿದ್ದ.

"ಕುಂದ್ರು. ಕಾಲು ಚಾಚು," ಅಂದ.

ಅವಳು ನಿಂತೇ ಇದ್ದಳು. "ಯಾರು ಸತ್ರು?"

"ಯಾರೂ ಸತ್ತಿಲ್ಲ."

"ಹಂಗಾದ್ರ ನಿಮಗ ಜ್ವರ ಬಂದೈತಿ."

ಕೊನೆಗೆ ಕೂತಳು, ಡಾಕ್ಟರ ಮುಂದೆ ಕೂತವಳಂತೆ. ಅವನು ಅವಳ ಕಾಲನ್ನು ನೀರಿಗಿಟ್ಟ. ಇಪ್ಪತ್ತಾರು ವರ್ಷದಲ್ಲಿ ಆ ಕಾಲನ್ನು ಅವನು ನೋಡಿದ್ದು ಮದುವೆಯ ದಿನ ಕಾಲುಂಗುರ ತೊಡಿಸುವಾಗ, ಅದೂ ಫೋಟೋದವನ ಕಡೆ ಮುಖ ಮಾಡಿಕೊಂಡು. ಈಗ ನೋಡಿದ. ಚೈತ್ರದ ಎರೆಹೊಲವೂ ಹಾಗೆ ಬಿರಿದದ್ದಿಲ್ಲ. ಆ ಬಿರುಕುಗಳಲ್ಲಿ ಒಂದು ಪಾವು ಜೋಳ ಬಿತ್ತಬಹುದಿತ್ತು. ಇದು ಹೆಚ್ಚು ಹೇಳಿದ ಮಾತೆಂದುಕೊಳ್ಳಿ. ಆದರೆ ಎಡ ಹಿಮ್ಮಡಿಯ ಒಂದು ಬಿರುಕಿನಲ್ಲಿ ಒಂದು ಹುಲ್ಲಿನ ಬೀಜ ನಿಜವಾಗಿ ಕೂತಿತ್ತು, ಬಾಲ ಹೊರಗೆ ಚಾಚಿಕೊಂಡು. ಅವನು ಒಳಗಿನ ಬೂಷ್ಟು ನೀರಿಗೆ ಹೆಚ್ಚು ಹೆಚ್ಚು ಬರಲಿ ಎಂದು ಅಂಟವಾಳದ ನೊರೆ ಮಾಡಿ ಬೆರಳು ಹಾಕಿ ಉಜ್ಜಿದ. ನೀರು ಕಾಫಿಯ ಬಣ್ಣಕ್ಕೆ ತಿರುಗಿತು. ಒಳಗೆ ಮುರಿದು ಉಳಿದ ಕಾರೆಯ ಮುಳ್ಳೊಂದು ಸಿಕ್ಕಿತು. ಅದು ಯಾವಾಗಿನದೆಂದು ಕೇಳಿದ. ಹೋದ ವರ್ಷದ್ದೋ ಅದರ ಹಿಂದಿನದೋ ಎಂದಳು.

ಆಮೇಲೆ ಬೋಗುಣಿ ಎತ್ತಿಕೊಂಡು, ಚೆಲ್ಲಿ ಬರುತ್ತೇನೆಂದು ಹಿತ್ತಿಲಿನ ಕೊಟ್ಟಿಗೆಗೆ ಹೋದ. ಮಧ್ಯಾಹ್ನವೇ ಅವನು ಇಟ್ಟಿಗೆ ಚೂರಿನಿಂದ ತನ್ನ ಹಿಮ್ಮಡಿ ಕೆರೆದು ರಕ್ತ ಬರಿಸಿಕೊಂಡಿದ್ದ. ಆ ನೀರಿನಲ್ಲಿ ಎರಡೂ ಕಾಲಿಟ್ಟು, ಆರಿ ತಣ್ಣಗಾಗುವ ತನಕ ಕೂತ. ಎಮ್ಮೆ ಮೆಲುಕು ಹಾಕುತ್ತ ಅವನನ್ನೇ ನೋಡುತ್ತಿತ್ತು. ಅದು ಎಲ್ಲರನ್ನೂ ಹಾಗೇ ನೋಡುವ ಎಮ್ಮೆ. ಆದರೂ ಅವನು ಗೋಡೆಯ ಕಡೆ ತಿರುಗಿ ಕೂತ.

ಮೂರನೆಯ ದಿನ ಅವಳು ಕಾಲು ಚಾಚಿಕೊಂಡೇ ಮಾತಾಡತೊಡಗಿದಳು. ಮರಿ ದಿಂಡಲಿಗೆ ಆಡು ಬಾಯಿ ಹಾಕದಂತೆ ಸುತ್ತ ಕಾರೆಮುಳ್ಳು ಒಟ್ಟುತ್ತಾಳಂತೆ. ಹಣ್ಣಿನ ಗಿಡದಲ್ಲಿ ಹಕ್ಕಿಗೆಂದು ಮೇಲಿನ ಕೊಂಬೆ ಬಿಡುತ್ತಾಳಂತೆ. ಮುತ್ತುಗದ ಎಲೆಯನ್ನು ಒಂದು ವರ್ಷ ಕಿತ್ತ ಗಿಡದಿಂದ ಮರುವರ್ಷ ಕೀಳುವುದಿಲ್ಲವಂತೆ, ಅದಕ್ಕೂ ಸುಧಾರಿಸಿಕೊಳ್ಳಲು ಹೊತ್ತು ಬೇಕಲ್ಲ. ಇದನ್ನೆಲ್ಲ ಯಾರು ಹೇಳಿಕೊಟ್ಟರು ಎಂದು ಕೇಳಿದ. ಯಾರು ಹೇಳಿಕೊಡಬೇಕು ಎಂದಳು. ಹದಿನಾಲ್ಕು ವರ್ಷ ಅವನು ಭಾಷಣ ಮಾಡಿದ ಗುಡ್ಡದ ಬಗ್ಗೆ ಅವನಿಗೆ ಗೊತ್ತಾದದ್ದು ಈ ಸಂಜೆಗಳಲ್ಲಿ.

ಐದನೆಯ ದಿನ ಅವಳು ಅರ್ಧ ಗಂಟೆ ಮೊದಲೇ ಬಂದಳು. ಮುಖ ತೊಳೆದು, ತಲೆ ಬಾಚಿಕೊಂಡು ಕೂತಿದ್ದಳು. ಅವನ ರೊಟ್ಟಿಯ ಮೇಲೆ ಬೆಣ್ಣೆಯ ಮುದ್ದೆ ದೊಡ್ಡದಾಯಿತು. ಏಳನೆಯ ದಿನ, ಅವನು ಬಗ್ಗಿ ಉಜ್ಜುತ್ತಿದ್ದಾಗ, ಅವಳು ಮೆಲ್ಲಗೆ ಅಂದಳು:

"ನಮ್ಮವ್ವ ಸತ್ತಮ್ಯಾಲ ನನ್ನ ಕಾಲು ಯಾರೂ ಮುಟ್ಟಿದ್ದಿಲ್ರಿ."

ಅವನು ಹೂಂ ಅಂದ. ಮೀಸೆಯ ತುದಿ ನೀರಿಗೆ ತಾಗುವಷ್ಟು ಬಗ್ಗಿದ್ದ ತಲೆಯನ್ನು ಎತ್ತಲಿಲ್ಲ. ಅಂದು ಕೊಟ್ಟಿಗೆಯಲ್ಲಿ ಆ ನೀರನ್ನು ಚೆಲ್ಲಿಬಿಡಬೇಕೆಂದು ಬೋಗುಣಿ ಓರೆ ಮಾಡಿದ. ಒಂದು ಸೇರಿನಷ್ಟು ಚೆಲ್ಲಿತು. ಆಮೇಲೆ ಮೂರು ಮದುವೆ, ಎರಡು ತಿಥಿ ನೆನಪಾದವು. ಉಳಿದದ್ದರಲ್ಲಿ ಕಾಲಿಟ್ಟ. ಎಂಟನೆಯ ದಿನ ಎಂದಿಗಿಂತ ಚೆನ್ನಾಗಿ ಉಜ್ಜಿದ.

*

ಕಡೆಯ ಪರೀಕ್ಷೆಯ ದಿನ ಹೆಂಗಸರೂ ಬಂದು ಲಾರಿಯ ಬಲಕ್ಕೆ ಕೂತರು. ಒಂದೊಂದೇ ಪಾಲು ಕರೆದರು. ಒಂದನೆಯ ಪಾಲು ಒಬ್ಬ ವಿಧವೆಯ ಕಾಲಿಗೆ ಹೊಳೆಯಿತು, ಎರಡನೆಯದು ಕೊಟ್ರಗೌಡನ ಹೆಂಡತಿಯದಕ್ಕೆ, ಮೂರನೆಯದು ಅವಳ ನಾದಿನಿಯದಕ್ಕೆ. ಹನ್ನೊಂದು ಪಾಲಿಗೆ ಹನ್ನೊಂದು ಹೆಂಗಸರ ಹೆಸರು. ಗಂಡಸರ ಕಡೆ ಒಬ್ಬೊಬ್ಬನೇ ಕುಗ್ಗುತ್ತ ಹೋಗಿ ಕೊನೆಗೆ ಅಲ್ಲಿ ಬರೀ ಟವೆಲುಗಳು ಕೂತಂತೆ ಕಾಣುತ್ತಿತ್ತು.

ಉಳಿದದ್ದು ನೆತ್ತಿಪಾಲು. ಹಕ್ಕು ಕೇಳಿ ಮೊದಲು ಹೆಸರು ಕೊಟ್ಟಿದ್ದವನು ಯಮನೂರಪ್ಪ. ಅವನು ಕಾಲನ್ನು ತಟ್ಟೆಯ ಮೇಲಿಟ್ಟ. ಪೆಟ್ಟಿಗೆ ಗುಂಯ್ಗುಟ್ಟಿತು. ನಕ್ಷೆಯ ನೆತ್ತಿ ಮೊದಲು ಚುಕ್ಕೆಚುಕ್ಕೆಯಾಗಿ, ಆಮೇಲೆ ದೀಪ ಹಚ್ಚಿದ ಹಾಗೆ ಪೂರ್ತಿ ಬೆಳಗಿತು. ಕೊಟ್ರಗೌಡ ಬೆನ್ನಿಗೆ ಗುದ್ದಿದ. ಮೆಹರುನ್ನಿಸಾ ಪರದೆಯನ್ನು ನೋಡಿ, ಅವನ ಕೆರೆದ ಹಿಮ್ಮಡಿಯನ್ನು ನೋಡಿ, ಮತ್ತೆ ಪರದೆಯನ್ನು ನೋಡಿದಳು. ಆದರೆ ಪೆಟ್ಟಿಗೆ ಹೇಳಿದ್ದೇ ಕಡೆಯ ಮಾತು. ಆಕೆ ಅವನ ಹೆಸರು ಬರೆಯತೊಡಗಿದಳು.

ಆಗ ಹೆಂಗಸರ ನಡುವಿನಿಂದ ಹುಲಿಗೆವ್ವ ಎದ್ದು ನಿಂತಳು. ಸಭೆಯಲ್ಲಿ ಅವಳು ಬಾಯಿ ತೆರೆದದ್ದು ಅದೇ ಮೊದಲು. ಸೆರಗು ಸರಿಮಾಡಿಕೊಂಡಳು. ಅವಳ ಮುಖದಲ್ಲಿ ಹೆಮ್ಮೆಯಿತ್ತು.

"ಗುಡ್ಡ ಅವರನ್ನ ಗುರುತ ಹಿಡೀತು ಅಂದ್ರ ನನಗೇನೂ ಆಶ್ಚರ್ಯ ಆಗಲಿಲ್ರಿ ಅಕ್ಕಾರ. ಎಂಟು ದಿನ ಆತು, ನಾ ಗುಡ್ಡದಿಂದ ಬಂದಕೂಡ್ಲೆ ಬಿಸಿನೀರು ಇಟ್ಟು ನನ್ನ ಕಾಲು ತೊಳೀತಾರ. ತಮ್ಮ ಕೈಯಾರೆ. ಈ ಊರಾಗ ಮತ್ತ್ಯಾವ ಗಂಡಸು ಮಾಡ್ಯಾನ, ಹೇಳ್ರಿ."

ಹನ್ನೊಂದು ಗಂಡಸರು ತಮ್ಮತಮ್ಮ ಕಾಲ್ಬೆರಳು ನೋಡಿಕೊಂಡರು. ಗಂಡನನ್ನು ಮೂರು ಓಣಿ ಅಟ್ಟಿಸಿದ್ದವಳು ಬಾಯಿಗೆ ಸೆರಗು ಒತ್ತಿಕೊಂಡಳು. ಮೆಹರುನ್ನಿಸಾಳ ಪೆನ್ನು ಅರ್ಧ ಹೆಸರಿಗೆ ನಿಂತಿತು. ಹುಲಿಗೆವ್ವ ಸುತ್ತ ನೋಡಿದಳು, ಹೆಂಗಸರನ್ನು, ಪರದೆಯನ್ನು, ಅವನ ಹಿಮ್ಮಡಿಯನ್ನು. ಅವಳ ನಗು ಮುಖದ ಮೇಲೆ ಇನ್ನೂ ಸ್ವಲ್ಪ ಹೊತ್ತು ಇತ್ತು, ಹೋಗಲು ದಾರಿ ತಿಳಿಯದ ನೆಂಟರಂತೆ.

"ಆ ನೀರು ಎಲ್ಲಿ ಚೆಲ್ಲತಿದ್ರಿ?" ಎಂದು ಕೇಳಿದಳು.

ಯಮನೂರಪ್ಪನ ಬಳಿ ಯಾವ ಹೊತ್ತಿಗೂ ಸಾವಿರ ಸುಳ್ಳು ತಯಾರಿರುತ್ತಿದ್ದವು. ಚಿರತೆಯನ್ನು ಮಾತಾಡಿಸಿದ ಬಾಯಿ ಅದು. ಒಂದೂ ಬರಲಿಲ್ಲ.

"ಚೆಲ್ಲತಿದ್ದಿಲ್ಲ," ಅಂದ.

ಅವಳು ಕಾದಳು.

"ಅದರಾಗ ಕಾಲಿಟ್ಕೊಂಡು ಕುಂದ್ರತಿದ್ದೆ."

ಅವಳು ಕೂತಳು. ಕೂತು, ಎರಡೂ ಕಾಲನ್ನು ಸೀರೆಯ ಅಂಚಿನೊಳಗೆ ಎಳೆದುಕೊಂಡಳು. ನಡುಬೀದಿಯಲ್ಲಿ ಮೈಮೇಲಿನ ಬಟ್ಟೆ ಜಾರಿದವರು ಎಳೆದುಕೊಳ್ಳುತ್ತಾರಲ್ಲ, ಹಾಗೆ.

ಅವಳ ಕಾಲನ್ನೂ ನೋಡೋಣ ಎಂದಳು ಮೆಹರುನ್ನಿಸಾ. ಹುಲಿಗೆವ್ವ ಏಳಲಿಲ್ಲ. ಇಬ್ಬರು ಹೆಂಗಸರು ರಟ್ಟೆ ಹಿಡಿದು ಕರೆತರಬೇಕಾಯಿತು. ಅವಳು ಬೇರೆ ಕಡೆ ಮುಖ ಮಾಡಿ ತಟ್ಟೆಯ ಮೇಲೆ ಕಾಲಿಟ್ಟಳು. ಪೆಟ್ಟಿಗೆ ಗುಂಯ್ಗುಟ್ಟಿತು. ಎಲ್ಲರೂ ನೆತ್ತಿ ಬೆಳಗುವುದನ್ನು ಕಾದರು.

ನೆತ್ತಿ ಕಪ್ಪಾಗಿಯೇ ಇತ್ತು. ಅಲ್ಲೊಂದು ಇಲ್ಲೊಂದು ಮಿಣುಕು, ಅಷ್ಟೇ.

ಮೆಹರುನ್ನಿಸಾ ಯಂತ್ರ ಆರಿಸಿ ಮತ್ತೆ ಹಚ್ಚಿದಳು. ಮತ್ತೂ ಅಷ್ಟೇ. ಆಮೇಲೆ ತೊಳೆದ ನೀರಿಗೆ ಏನು ಹಾಕುತ್ತಿದ್ದಿರಿ ಎಂದು ಯಮನೂರಪ್ಪನನ್ನು ಕೇಳಿದಳು. ಅಂಟವಾಳ, ಅಂದ. ಬಿಸಿ ಎಷ್ಟಿತ್ತು? ಕೈ ತಾಳುವಷ್ಟು. ಆಕೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು. ನೀರಿನ ಬಿಸಿಗೂ ಉಜ್ಜಿದ ನೊರೆಗೂ ಬಿರುಕಿನೊಳಗಿನ ಸಂಸಾರ ಬೇರುಸಹಿತ ಕಿತ್ತು ಬಂದಿದೆ. ಒಂದು ದಿನ, ಎರಡು ದಿನ ತೊಳೆದಿದ್ದರೆ ಉಳಿಯುತ್ತಿತ್ತು, ಉಳಿದ ಹೆಂಗಸರದು ಉಳಿದಿದೆ. ಎಂಟು ದಿನಕ್ಕೆ ಇಪ್ಪತ್ತಾರು ವರ್ಷದ್ದು ಹೋಗಿದೆ ಎಂದಳು. ಮಣ್ಣಿನಲ್ಲಿರುವುದು ಅವಳದೇ ಗುರುತು. ಆದರೆ ಅದಕ್ಕೆ ಹೊಂದುವ ಕಾಲು ಈ ಊರಲ್ಲಿ ಈಗ ಒಂದೇ ಜೋಡಿ, ಅದು ಅವನ ಮೈಗೆ ಅಂಟಿದೆ.

"ನಂದು ಹೊಡದು ಹಾಕ್ರಿ. ಆಕಿ ಹೆಸರು ಬರೀರಿ," ಅಂದ ಯಮನೂರಪ್ಪ. "ಎಲ್ಲಾರ ಮುಂದ ಹೇಳಾಕತ್ತೀನಲ್ರಿ. ಗುಡ್ಡ ಆಕೀದು. ಹದಿನಾಲ್ಕು ವರ್ಷ ನಾ ಜಾಲಿಗಿಡ ದಾಟಿಲ್ಲ."

"ನಿಮ್ಮ ಹೆಸರು ತೆಗೀತೀನ್ರಿ," ಅಂದಳು ಮೆಹರುನ್ನಿಸಾ. "ಇವರದು ಬರಿಯಾಕ ಬರೂದಿಲ್ಲ. ಬಾಯಿಮಾತು ನಡಿಯಂಗಿಲ್ಲ."

ಜೀವನದಲ್ಲಿ ಅವನು ಆಡಿದ ಒಂದೇ ಒಂದು ನಿಜ ಅದು, ಬರೆದುಕೊಳ್ಳಲು ಕಾಗದದಲ್ಲಿ ಜಾಗವಿರಲಿಲ್ಲ. ಜನ ನಕ್ಕಿದ್ದರೆ ಚೆನ್ನಾಗಿತ್ತು. ಯಾರೂ ನಗಲಿಲ್ಲ. ನೆತ್ತಿಪಾಲಿನ ಮುಂದೆ ಗೆರೆ ಎಳೆದು ಖಾಲಿ ಬಿಟ್ಟರು. ಮುಂದಿನ ವರ್ಷ ಇದೇ ತಿಂಗಳು ಮತ್ತೆ ಬರುತ್ತೇವೆ, ಅಲ್ಲಿಯವರೆಗೆ ಎಂದಿನಂತೆ ಗುಡ್ಡ ತುಳಿಯಬೇಕು, ಕಾಲಿಗೆ ತಣ್ಣೀರನ್ನೂ ತಾಗಿಸಬಾರದು, ಉಜ್ಜಬಾರದು, ಹಾಗಾದರೆ ಬಿರುಕಿನ ಸಂಸಾರ ಮತ್ತೆ ಕೂಡಿಕೊಳ್ಳಬಹುದು, ಕೂಡಿಕೊಳ್ಳದೆಯೂ ಇರಬಹುದು ಎಂದು ಮೆಹರುನ್ನಿಸಾ ಹುಲಿಗೆವ್ವನಿಗೆ ಹೇಳಿದಳು. ಆ ಒಂದು ವರ್ಷ ನೆತ್ತಿಪಾಲಿನಲ್ಲಿ ಕಟ್ಟಿಗೆ ಆಯ್ದರೆ ಸಮಿತಿಯ ಪುಸ್ತಕದ ಪ್ರಕಾರ ಅವಳು ಇನ್ನೂ ಕಳ್ಳಿಯೇ.

*

ಈಗಿನದನ್ನು ಇದ್ದ ಹಾಗೇ ಹೇಳಬೇಕು, ಹಿಗ್ಗಿಸಲು ಇಲ್ಲಿ ಏನೂ ಇಲ್ಲ.

ಹುಲಿಗೆವ್ವ ಹೊತ್ತು ಹುಟ್ಟುವ ಮೊದಲು ಗುಡ್ಡ ಹತ್ತುತ್ತಾಳೆ, ದನ ತಿರುಗುವ ಹೊತ್ತಿಗೆ ಬರುತ್ತಾಳೆ. ಅವಳು ಅವನೊಡನೆ ಮಾತು ಬಿಟ್ಟಿಲ್ಲ. ಉಪ್ಪು ಮುಗಿದಿದೆ, ಎಮ್ಮೆ ಕಟ್ಟಿಲ್ಲ, ಯಾರೋ ಕರೆಯುತ್ತಿದ್ದಾರೆ, ಇಂಥವನ್ನೆಲ್ಲ ಹೇಳುತ್ತಾಳೆ. ಗಿಡಗಳ ಸುದ್ದಿ ಹೇಳುವುದಿಲ್ಲ. ಒಂದು ಸಂಜೆ ಅವನು ಏನು ಮಾಡಬೇಕೆಂದು ತಿಳಿಯದೆ ಅವಳ ಎದುರು ಹೋಗಿ ಸುಮ್ಮನೆ ಕುಕ್ಕರುಗಾಲಲ್ಲಿ ಕೂತ, ಕೈಯಲ್ಲಿ ಬೋಗುಣಿಯೂ ಇರಲಿಲ್ಲ. ಅವಳು ಒಂದು ಹೆಜ್ಜೆ ಹಿಂದೆ ಸರಿದು, ಅವನನ್ನು ಬಳಸಿಕೊಂಡು ಒಳಗೆ ಹೋದಳು.

ಹೊರಗಿಂದ ಬಂದವರು ಕಾಲು ತೊಳೆದೇ ಒಳಗೆ ಬರಬೇಕೆಂಬುದು ಆ ಮನೆಯಲ್ಲಿ ಅವನ ಅಜ್ಜನ ಕಾಲದ ಕಟ್ಟಳೆ. ಅವಳು ಈಗ ತೊಳೆಯುವಂತಿಲ್ಲ. ಗುಡ್ಡದ ಮಣ್ಣಿನ ಸಮೇತ ಬರುತ್ತಾಳೆ. ಬಾಗಿಲಿನಿಂದ ಒಲೆಯ ತನಕ, ಒಲೆಯಿಂದ ನೀರಿನ ಹರವಿಯ ತನಕ ಕೆಂಪು ಹೆಜ್ಜೆ, ಹಿಮ್ಮಡಿಯ ಗೀರು ಸಹಿತ. ಅವಳು ಗುಡ್ಡಕ್ಕೆ ಹೋದ ಮೇಲೆ ಯಮನೂರಪ್ಪ ಸಗಣಿ ಕಲಸಿ ನೆಲ ಸಾರಿಸುತ್ತಾನೆ. ಹೆಜ್ಜೆಗಳನ್ನು ಬಿಟ್ಟು, ಸುತ್ತಲೂ.

ಊಟಕ್ಕೆ ಅವನು ಒಳಗೆ ಬರಲೇಬೇಕು. ಗೋಡೆಗೆ ಬೆನ್ನು ಹಚ್ಚಿ, ಅಡ್ಡಡ್ಡಲಾಗಿ, ಒಂದು ಹೆಜ್ಜೆಯನ್ನೂ ತುಳಿಯದೆ ನಡೆದು ಬಂದು ಕೂರುತ್ತಾನೆ. ಅವಳು ರೊಟ್ಟಿ ಹಾಕುತ್ತಾಳೆ. ಪಲ್ಯ ಬಡಿಸುತ್ತಾಳೆ. ಆಮೇಲೆ ತಾನೂ ಎದುರಿಗೆ ಕೂರುತ್ತಾಳೆ, ಕಾಲನ್ನು ಸೀರೆಯೊಳಗೆ ಎಳೆದುಕೊಂಡು.